ಬಾಣ ಕಟ್ಟುವ ಕೈ, ಮದ್ದು ತುಂಬುವ ಕೈ

ದೀಪಾವಳಿಯ ರಾತ್ರಿ ಖಾಲಿ ಬಾಟಲಿಯಲ್ಲಿ ನಿಲ್ಲಿಸಿ ಹಾರಿಸುವ ರಾಕೆಟ್ಟಿಗೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಬಾಣ. ‘ಬಾಣಬಿರುಸು’ ಎಂಬ ಜೋಡುಪದದಲ್ಲಿ ಆಕಾಶಕ್ಕೆ ಹಾರುವುದು ಬಾಣ, ನೆಲದಲ್ಲೇ ನಿಂತು ಕಿಡಿ ಚಿಮ್ಮಿಸುವುದು ಬಿರುಸು. ತುಳುವರ ಮಾತಿನಲ್ಲಿ ಇನ್ನೂ ಒಂದು ಸೊಗಸಾದ ಪದವಿದೆ. ಅದು ‘ಬೆಡಿ’. ಕೋವಿಗೂ ಬೆಡಿ ಎಂದೇ ಹೆಸರು, ಜಾತ್ರೆಯ ಸುಡುಮದ್ದಿಗೂ ಬೆಡಿ ಎಂದೇ ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಜನ ಏಪ್ರಿಲ್ 17ರ ರಾತ್ರಿ ‘ಪುತ್ತೂರು ಬೆಡಿ’ ನೋಡಲು ಹೊರಡುವಾಗ ಈ ಪದದ ಎರಡು ಅರ್ಥಗಳನ್ನು ಯಾರೂ ಯೋಚಿಸುವುದಿಲ್ಲ. ಆದರೆ ರಾಕೆಟ್ಟಿನ ಇತಿಹಾಸವೆಲ್ಲ ಇರುವುದು ಈ ಎರಡು ಅರ್ಥಗಳ ನಡುವೆಯೇ. ಹಬ್ಬದ ಆಟಿಕೆ ಯುದ್ಧಕ್ಕೆ ಹೋಯಿತು, ಯುದ್ಧದಿಂದ ಆಕಾಶಕ್ಕೆ ಹೋಯಿತು, ಅಲ್ಲಿಂದ ಮತ್ತೆ ಮಕ್ಕಳ ಕೈಗೆ ಆಟಿಕೆಯಾಗಿ ಬಂತು.

ಕೊನೆಯದಾಗಿ ಹೇಳಿದ ಆಟಿಕೆ ನಮ್ಮಲ್ಲಿ ಹೆಚ್ಚು ಕಾಣಸಿಗುವುದಿಲ್ಲ. ಅಮೆರಿಕ, ಯುರೋಪುಗಳಲ್ಲಿ ‘ಮಾಡೆಲ್ ರಾಕೆಟ್’ ಎಂಬುದು ಶಾಲೆಯ ಮಕ್ಕಳಿಂದ ನಿವೃತ್ತರವರೆಗೆ ಲಕ್ಷಾಂತರ ಜನರ ಹವ್ಯಾಸ. ಕಾಗದದ ಕೊಳವೆ, ಹಗುರ ಮರದ ರೆಕ್ಕೆ, ಚೂಪು ಮೂತಿ, ಒಳಗೆ ಮಡಿಸಿಟ್ಟ ಪುಟ್ಟ ಪ್ಯಾರಾಚೂಟು, ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಮೋಟಾರು. ಹಾರಿದ ರಾಕೆಟ್ ಕೆಳಗಿಳಿದು ಬರುತ್ತದೆ, ಹೊಸ ಮೋಟಾರು ಹಾಕಿದರೆ ಮತ್ತೆ ಹಾರುತ್ತದೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತ್ಯುತ್ತಮ ಬಾಣಗಳನ್ನು ಮಾಡಿದ ನಾಡಿನಲ್ಲಿ ಈ ಹವ್ಯಾಸ ಏಕೆ ಬೇರೂರಲಿಲ್ಲ? ಬೇಕಾದ ಬುದ್ಧಿಗಾಗಲಿ ಕೈಚಳಕಕ್ಕಾಗಲಿ ನಮ್ಮಲ್ಲಿ ಕೊರತೆಯಿಲ್ಲ. ಉತ್ತರವಿರುವುದು ಬೇರೊಂದು ಪ್ರಶ್ನೆಯಲ್ಲಿ: ಮದ್ದನ್ನು ಯಾರು ತುಂಬಬೇಕು?

ಮೊದಲು ಬಾಣದ ಕತೆ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಮಂಗಳೂರಿನಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಅಲ್ಲಿ ಮಹಾನವಮಿಯ ವೈಭವವನ್ನು ಬಣ್ಣಿಸುವಾಗ ಆತ ಮದ್ದಿನ ಆಟಗಳನ್ನೂ ನೆನೆದಿದ್ದಾನೆ. ಅಂದರೆ ಆರು ಶತಮಾನಗಳ ಹಿಂದೆಯೇ ಇದು ಈ ಸೀಮೆಗೆ ಪರಿಚಿತ ವಿದ್ಯೆ. ಆದರೆ ಹಬ್ಬದ ಬಾಣ ಬೇರೆ, ದಂಡಿನ ಬಾಣ ಬೇರೆ. ಎರಡನೆಯದನ್ನು ಪಳಗಿಸಿದ್ದು ಹದಿನೆಂಟನೆಯ ಶತಮಾನದ ಮೈಸೂರು.

ಹೈದರಾಲಿ 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಬಿದನೂರಿನೊಡನೆ ಮಂಗಳೂರು ಸಹಿತ ಕರಾವಳಿಯೂ ಅವನ ಕೈಸೇರಿತು. ಅವನ ಮಗ ಟಿಪ್ಪು ಸುಲ್ತಾನ್ 1794ರಲ್ಲಿ ಬೆಳ್ತಂಗಡಿಯ ಬಳಿಯ ಬಂಡೆಗಲ್ಲಿನ ಮೇಲೆ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಜನ ಅದನ್ನು ಇಂದಿಗೂ ಗಡಾಯಿಕಲ್ಲು ಎನ್ನುತ್ತಾರೆ. ಆ ಕೋಟೆಯನ್ನು ಕಟ್ಟಿಸಿದ ಸೇನೆಯಲ್ಲಿ ಬಾಣ ಹಾರಿಸುವವರದೇ ಪ್ರತ್ಯೇಕ ಪಡೆಗಳಿದ್ದವು. ಬೆಂಗಳೂರು ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಹೆಸರು ಉಳಿದಿರುವುದು ಬಾಣ ಮಾಡುವವರ ನೆನಪಿಗೆ.

ಮೈಸೂರಿನ ಬಾಣದ ಗುಟ್ಟು ಅದರ ಕೊಳವೆಯಲ್ಲಿತ್ತು. ಆ ಕಾಲದ ಯುರೋಪಿನ ಬಾಣಗಳಿಗೆ ಕಾಗದದ ರಟ್ಟಿನ ಕೊಳವೆ. ಮದ್ದು ಉರಿದಾಗ ಹುಟ್ಟುವ ಅನಿಲ ಹೊರಗೆ ನುಗ್ಗಲು ಇಕ್ಕಟ್ಟಾದ ಒಂದೇ ದಾರಿ ಇರುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲ ಬಿರುಸಾಗಿ ನುಗ್ಗುತ್ತದೆ, ಬಾಣ ಅಷ್ಟೇ ಬಿರುಸಾಗಿ ಎದುರು ದಿಕ್ಕಿಗೆ ಚಿಮ್ಮುತ್ತದೆ. ಆದರೆ ರಟ್ಟು ಹೆಚ್ಚಿನ ಒತ್ತಡ ತಾಳದೆ ಒಡೆಯುತ್ತದೆ. ಮೈಸೂರಿನ ಕಮ್ಮಾರರು ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿದರು. ಸುಮಾರು 8 ಅಂಗುಲ ಉದ್ದ, ಒಂದೂವರೆಯಿಂದ 3 ಅಂಗುಲ ವ್ಯಾಸ. ಅದನ್ನು ತೊಗಲಿನ ಪಟ್ಟಿಯಿಂದ ನಾಲ್ಕಡಿಯ ಬಿದಿರಿಗೆ ಬಿಗಿಯುತ್ತಿದ್ದರು. ಕೆಲವೊಮ್ಮೆ ಬಿದಿರಿನ ಬದಲು ಕತ್ತಿಯನ್ನೇ ಕಟ್ಟುತ್ತಿದ್ದರು. ಇಂಥ ಬಾಣ ಸಾವಿರ ಗಜದಷ್ಟು ದೂರ ಹೋಗುತ್ತಿತ್ತು.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ಸೋತು ಸೆರೆಯಾಯಿತು. ಇಂಗ್ಲಿಷರ ಮದ್ದುಗುಂಡಿನ ಬಂಡಿಗಳು ಸ್ಫೋಟಗೊಂಡದ್ದು ಆ ಸೋಲಿಗೆ ಮುಖ್ಯ ಕಾರಣ, ಅವಕ್ಕೆ ಕಿಡಿ ತಗುಲಿಸಿದ್ದು ಬಾಣಗಳು ಎಂದು ಇತಿಹಾಸಕಾರರು ಹೇಳುತ್ತಾರೆ. ಈ ಯುದ್ಧದ ದೊಡ್ಡ ಭಿತ್ತಿಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲಿದೆ. ಮುಂದೆ 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಬಾಣ ಮತ್ತು ಗುಂಡುಗಳ ಎದುರು ದಿಕ್ಕೆಟ್ಟು ಹಿಮ್ಮೆಟ್ಟಿದವನು ಕರ್ನಲ್ ವೆಲ್ಲೆಸ್ಲಿ. ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಇವನೇ. ಆದರೆ ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಗಡಾಯಿಕಲ್ಲೂ ಅದೇ ವರ್ಷ ಇಂಗ್ಲಿಷರ ವಶವಾಯಿತು.

ಆಮೇಲೆ ನಡೆದದ್ದನ್ನು ಓದುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ಸಿಕ್ಕ ಬಾಣಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಬಾಣಗಳ ಮೇಲೆ ಪ್ರಯೋಗಕ್ಕೆ ತೊಡಗಿದ. ತೂಗಿದ, ಅಳೆದ, ಮದ್ದಿನ ಪ್ರಮಾಣ ಬದಲಿಸಿದ, ಎಷ್ಟು ದೂರ ಹೋಯಿತೆಂದು ಬರೆದಿಟ್ಟ. ಲಂಡನ್ನಿನ ಅಂಗಡಿಗಳಲ್ಲಿ ಸಿಗುತ್ತಿದ್ದ ದೊಡ್ಡ ಬಾಣಗಳು ಐನೂರು, ಆರುನೂರು ಗಜಕ್ಕಿಂತ ಆಚೆ ಹೋಗುತ್ತಿರಲಿಲ್ಲ. ಅವನ ಕಬ್ಬಿಣದ ಬಾಣ ಎರಡು ಸಾವಿರ ಗಜ ದಾಟಿತು. 1806ರಲ್ಲಿ ಫ್ರಾನ್ಸಿನ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವನ ಬಾಣಗಳ ಮಳೆಯಾಯಿತು. 1807ರಲ್ಲೇ ಆತ ತನ್ನ ಬಾಣಗಳ ಬಗೆಗೆ ಪುಸ್ತಕ ಪ್ರಕಟಿಸಿದ. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ಬಾಣಗಳ ಕೆಂಪು ಬೆಳಕು 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಬಿದ್ದ ಕಾಂಗ್ರೀವನ ಬಾಣಗಳದು.

ನಮ್ಮಲ್ಲಿ ಉಳಿದದ್ದೇನು? 2002ರಲ್ಲಿ ನಗರದ ಬಳಿ ನೂರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಸಿಕ್ಕವು. 2018ರ ಜುಲೈಯಲ್ಲಿ ಅಲ್ಲಿನ ಹಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಒಂದೊಂದೂ ಹೆಚ್ಚುಕಡಿಮೆ ಒಂದು ಗೇಣು ಉದ್ದ. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು ಎಂದು ಆಗ ಅಗೆತ ನಡೆಸಿದ ಪುರಾತತ್ವ ಅಧಿಕಾರಿಗಳು ಹೇಳಿದ್ದರು. ಆಸಕ್ತರು ಇವುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ನೋಡಬಹುದು. ಕಬ್ಬಿಣ ಉಳಿಯಿತು, ಆ ಕಬ್ಬಿಣವನ್ನು ಯಾವ ಹದಕ್ಕೆ ಬಡಿದರು, ಮದ್ದನ್ನು ಹೇಗೆ ಗಿಡಿದರು ಎಂಬ ಲೆಕ್ಕ ಕಮ್ಮಾರರ ಕೈಯೊಡನೆ ಹೋಯಿತು. ನಾವು ಓದುವ ಯಾವ ಚರಿತ್ರೆಯಲ್ಲೂ ಆ ಕಮ್ಮಾರರ ಹೆಸರಿಲ್ಲ.

ಎ.ಪಿ.ಜೆ. ಅಬ್ದುಲ್ ಕಲಾಂ 1963ರಲ್ಲಿ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋದಾಗ, ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ದಂಡು ಬಾಣ ಹಾರಿಸುವ ಚಿತ್ರ ನೋಡಿ ಬೆರಗಾದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೈಸೂರಿನ ಬಾಣಗಳ ಬಗೆಗೆ ವಿಜ್ಞಾನಿಯೊಬ್ಬರು ಶ್ರದ್ಧೆಯಿಂದ ಬರೆದದ್ದು 1985ರಲ್ಲಿ. ಬರೆದವರು ಬೆಂಗಳೂರಿನ ಪ್ರೊ. ರೊದ್ದಂ ನರಸಿಂಹ.

ಇನ್ನು ಆಟಿಕೆಯ ಕತೆ. ಇದರ ನಾಯಕ ವಿಜ್ಞಾನಿಯಲ್ಲ, ಚಪ್ಪಲಿ ಅಂಗಡಿಯ ಯಜಮಾನ. ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನ ಆರ್ವಿಲ್ ಕಾರ್ಲೈಲನಿಗೆ ಸುಡುಮದ್ದಿನ ಹುಚ್ಚು. ಸಹೋದರನಾದ ರಾಬರ್ಟನಿಗೆ ಮಾದರಿ ವಿಮಾನಗಳ ಹುಚ್ಚು. ಮಕ್ಕಳಿಗೆ ರಾಕೆಟ್ಟಿನ ತತ್ವ ತೋರಿಸಲು ಒಂದು ಮಾದರಿ ಬೇಕೆಂದು ಇಬ್ಬರೂ ಸೇರಿ 1954ರಲ್ಲಿ ಕಾಗದದ ರಾಕೆಟ್ ಮಾಡಿದರು. ಅದು ಮೇಲೇರಿ, ತಾನೇ ಪ್ಯಾರಾಚೂಟು ಬಿಚ್ಚಿ, ಮೆಲ್ಲಗೆ ಇಳಿದು ಬಂತು.

ಅದೇ ಕಾಲಕ್ಕೆ ಅಮೆರಿಕದ ಹುಡುಗರು ಮನೆಯ ಹಿತ್ತಲಲ್ಲಿ ಕಂಡಕಂಡ ರಾಸಾಯನಿಕಗಳನ್ನು ಕಬ್ಬಿಣದ ಪೈಪುಗಳಿಗೆ ತುಂಬಿ ಹಾರಿಸಲು ಹೋಗಿ ಬೆರಳು, ಕಣ್ಣು, ಜೀವ ಕಳೆದುಕೊಳ್ಳುತ್ತಿದ್ದರು. ವೈಟ್ ಸ್ಯಾಂಡ್ಸ್ ಎಂಬಲ್ಲಿನ ಕ್ಷಿಪಣಿ ನೆಲೆಯಲ್ಲಿ ಕೆಲಸಕ್ಕಿದ್ದ ಹ್ಯಾರಿ ಸ್ಟೈನ್ ಈ ಅಪಾಯದ ಬಗ್ಗೆ ಪತ್ರಿಕೆಯೊಂದಕ್ಕೆ ಲೇಖನ ಬರೆದ. ಅದನ್ನು ಓದಿದ ಕಾರ್ಲೈಲ್ ತನ್ನ ರಾಕೆಟ್ಟುಗಳನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟ. 1957ರಲ್ಲಿ ಸ್ಟೈನ್ ಒಂದು ಕಂಪೆನಿ ತೆರೆದ, ಹವ್ಯಾಸಿಗಳ ರಾಷ್ಟ್ರೀಯ ಸಂಘ ಕಟ್ಟಿದ, ಸುರಕ್ಷತಾ ಸಂಹಿತೆ ರೂಪಿಸಿದ. ಆ ವರ್ಷದ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಹಾರಿದ ಮೇಲಂತೂ ರಾಕೆಟ್ ಮಾಡದ ಹುಡುಗನಿಲ್ಲ ಎಂಬಂತಾಯಿತು. ಮೋಟಾರುಗಳಿಗೆ ಬೇಡಿಕೆ ಏರಿದಾಗ ಕೈಹಿಡಿದವನು ಡೆನ್ವರಿನ ವರ್ನ್ ಎಸ್ಟೆಸ್. ಐದೂವರೆ ಸೆಕೆಂಡಿಗೊಂದು ಮೋಟಾರು ಒತ್ತಿ ಹೊರಹಾಕುವ ಯಂತ್ರವನ್ನು ಆತ ಕಟ್ಟಿದ. ಅದಕ್ಕೆ ‘ಮೇಬಲ್’ ಎಂದು ಹೆಸರಿಟ್ಟ.

ಈ ಹವ್ಯಾಸದ ಸಂಹಿತೆಯ ಜೀವಾಳ ಒಂದೇ ಮಾತು. ರಾಕೆಟ್ಟನ್ನು ನೀನು ಕಟ್ಟು, ಮದ್ದನ್ನು ಮುಟ್ಟಬೇಡ. ಮೋಟಾರು ಕಾರ್ಖಾನೆಯಲ್ಲಿ ಯಂತ್ರ ತುಂಬಿದ್ದೇ ಆಗಿರಬೇಕು. ಕೊಳವೆಗೂ ಮೂತಿಗೂ ಲೋಹ ಬಳಸಬಾರದು. ಸಿಡಿದರೆ ಕಾಗದ ಹರಿಯುತ್ತದೆ, ಲೋಹ ಚೂರುಚೂರಾಗಿ ಮೈಗೆ ನಾಟುತ್ತದೆ. ಕಬ್ಬಿಣವೇ ಮೈಸೂರಿನ ಬಾಣದ ಬಲ. ಕಬ್ಬಿಣ ಬೇಡ ಎಂಬುದೇ ಆಟದ ರಾಕೆಟ್ಟಿನ ಮೊದಲ ನಿಯಮ.

ಉಳಿದ ಲೆಕ್ಕಾಚಾರದಲ್ಲಿ ಮಾತ್ರ ಟಿಪ್ಪುವಿನ ಕಮ್ಮಾರನಿಗೂ ಇಂದಿನ ಹವ್ಯಾಸಿಗೂ ವ್ಯತ್ಯಾಸವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನೇರ ಹೋಗುವುದು. ಪ್ರತಿ ರಾಕೆಟ್ಟಿಗೂ ಎರಡು ಬಿಂದುಗಳಿವೆ. ಬೆರಳ ಮೇಲಿಟ್ಟರೆ ತಕ್ಕಡಿಯಂತೆ ಸಮನಾಗಿ ನಿಲ್ಲುವ ಜಾಗ ತೂಕದ ಬಿಂದು. ಗಾಳಿಯ ತಳ್ಳುವಿಕೆಯೆಲ್ಲ ಒಟ್ಟಾದಂತೆ ತೋರುವ ಜಾಗ ಗಾಳಿಯ ಬಿಂದು. ತೂಕದ ಬಿಂದು ಮುಂದೆ, ಗಾಳಿಯ ಬಿಂದು ಹಿಂದೆ ಇರಬೇಕು. ನಡುವೆ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಅಂತರವಿರಬೇಕು. ತಿರುವುಮುರುವಾದರೆ ರಾಕೆಟ್ ಗಿರಗಿರನೆ ಸುತ್ತಿ ಬಿಟ್ಟವರ ಮೇಲೆಯೇ ಬಂದೀತು. ಮೈಸೂರಿನವರು ಗಾಳಿಯ ಬಿಂದುವನ್ನು ಹಿಂದಕ್ಕೆ ಎಳೆಯಲು ನಾಲ್ಕಡಿಯ ಬಿದಿರು ಕಟ್ಟಿದರು. ಗಾಳಿಪಟಕ್ಕೆ ಬಾಲ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹವ್ಯಾಸಿ ಅದೇ ಕೆಲಸವನ್ನು ಬುಡದಲ್ಲಿ ಅಂಟಿಸಿದ ಮೂರೋ ನಾಲ್ಕೋ ರೆಕ್ಕೆಗಳಿಂದ ಮಾಡಿಸುತ್ತಾನೆ. ಸರಿಯಾಗಿದೆಯೇ ಎಂದು ನೋಡಲು ತೂಕದ ಬಿಂದುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸುತ್ತಾನೆ. ಮೂತಿ ಮುಂದಾಗಿ ತಿರುಗಿದರೆ ಹಾರಿಸಬಹುದು.

ರೆಕ್ಕೆಗೆ ಬಳಸುವುದು ಬಾಲ್ಸಾ ಎಂಬ ಬೆಂಡಿನಂಥ ಹಗುರ ಮರ. ಅದರ ನಾರಿನ ಎಳೆ ಕೊಳವೆಯಿಂದ ಹೊರಮುಖವಾಗಿ, ರೆಕ್ಕೆಯ ಮುಂದಿನ ಅಂಚಿಗೆ ಸಮವಾಗಿ ಹೋಗುವಂತೆ ಕತ್ತರಿಸಬೇಕು. ಅಡ್ಡ ಎಳೆಯ ರೆಕ್ಕೆ ಹಾರುವಾಗಲೇ ಲಟಕ್ಕೆಂದು ಮುರಿಯುತ್ತದೆ. ಮುಂದಿನ ಅಂಚನ್ನು ಉಜ್ಜಿ ಗುಂಡಗೆ ಮಾಡಿ, ಹಿಂದಿನ ಅಂಚನ್ನು ತೆಳುವಾಗಿಸುತ್ತಾರೆ. ಅಂಟಿಸಿದ ಮೇಲೆ ಸಂದಿಯ ಉದ್ದಕ್ಕೂ ಇನ್ನೊಂದು ಸುತ್ತು ಅಂಟು ಎಳೆದು ಬೆರಳಿಂದ ಒರೆಸಿದರೆ ಬಲವೂ ಬಂತು, ಗಾಳಿಗೆ ಅಡ್ಡಿಯೂ ತಪ್ಪಿತು. ನಂತರದ ಕೆಲಸ ನಮ್ಮ ಬಡಗಿಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಮರದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವ ಸೀಲರ್ ಬಳಿ, ಒಣಗಿಸು, ನಯವಾದ ಮರಳುಕಾಗದದಿಂದ ಉಜ್ಜು, ಮತ್ತೆ ಬಳಿ, ಮತ್ತೆ ಉಜ್ಜು. ಎರಡು ಮೂರು ಸಲ ಹೀಗಾದ ಮೇಲೆ ಬಣ್ಣ. ಇದು ಬರಿಯ ಚೆಂದಕ್ಕಲ್ಲ. ಒರಟು ಮೈಯ ರಾಕೆಟ್ಟಿಗಿಂತ ನುಣುಪು ಮೈಯದು ಎತ್ತರಕ್ಕೆ ಹೋಗುತ್ತದೆ. ಆದರೆ ಬಣ್ಣಕ್ಕೂ ತೂಕವಿದೆ. ಅತಿಯಾಗಿ ಬಳಿದರೆ ಗಳಿಸಿದ ಎತ್ತರ ಅಲ್ಲಿಗೇ ಹೋಯಿತು. ಬಣ್ಣ ಕೆಂಪೋ ಕಿತ್ತಳೆಯೋ ಆದರೆ ಹುಲ್ಲಿನ ನಡುವೆ ಹುಡುಕಲು ಸುಲಭ.

ಮೋಟಾರುಗಳಿಗೆ ಎ, ಬಿ, ಸಿ ಎಂದು ಅಕ್ಷರಗಳ ಗುರುತು. ಒಂದೊಂದು ಅಕ್ಷರ ಮುಂದೆ ಹೋದಂತೆ ಗರಿಷ್ಠ ಶಕ್ತಿ ಇಮ್ಮಡಿಯಾಗುತ್ತದೆ. ‘ಸಿ6-5’ ಎಂದು ಬರೆದಿದ್ದರೆ ಆರು ನ್ಯೂಟನ್ ಸರಾಸರಿ ನೂಕುಬಲ, ಮದ್ದು ಉರಿದು ಮುಗಿದ ಐದು ಸೆಕೆಂಡಿನ ಮೇಲೆ ಪ್ಯಾರಾಚೂಟು ಬಿಚ್ಚುವ ಸಣ್ಣ ಸ್ಫೋಟ ಎಂದರ್ಥ. ರಾಕೆಟ್ಟನ್ನು ಮೂರಡಿಯ ಉಕ್ಕಿನ ಸರಳಿಗೆ ಪೋಣಿಸಿ ನಿಲ್ಲಿಸುತ್ತಾರೆ. ರೆಕ್ಕೆಗೆ ಗಾಳಿಯ ಹಿಡಿತ ಸಿಗುವಷ್ಟು ವೇಗ ಬರುವವರೆಗೆ ಆ ಸರಳೇ ದಾರಿ ತೋರಿಸುತ್ತದೆ. ಬತ್ತಿಗೆ ಬೆಂಕಿಕಡ್ಡಿ ಗೀರುವಂತಿಲ್ಲ. ಹದಿನೈದಡಿ ದೂರದಲ್ಲಿ ನಿಂತು, ಐದರಿಂದ ಹಿಂದಕ್ಕೆ ಎಣಿಸಿ, ಬ್ಯಾಟರಿಯ ಗುಂಡಿ ಒತ್ತಬೇಕು. ಹಾರದಿದ್ದರೆ ಒಂದು ನಿಮಿಷ ಯಾರೂ ಹತ್ತಿರ ಸುಳಿಯಕೂಡದು. ಸಿ ಮೋಟಾರಿಗೆ 400 ಅಡಿ ಉದ್ದಗಲದ ಬಯಲು ಬೇಕು ಎಂದು ಸಂಹಿತೆ ಹೇಳುತ್ತದೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಅಡಿಕೆ ತೋಟ, ರಬ್ಬರು, ಗುಡ್ಡಗಳನ್ನು ಬಿಟ್ಟು ಅಂಥ ಬಯಲು ಹುಡುಕುವುದೇ ಒಂದು ಸಾಹಸವಾದೀತು. ಕೊಯ್ಲಾದ ದೊಡ್ಡ ಗದ್ದೆಗಳೇ ಗತಿ.

ಈ ಶಿಸ್ತೆಲ್ಲ ಅತಿಯಾಯಿತು ಎನ್ನುವವರು ವೇಣೂರನ್ನು ನೆನೆಯಬೇಕು. 2024ರ ಜನವರಿ 28ರ ಭಾನುವಾರ ಬೆಳ್ತಂಗಡಿ ತಾಲ್ಲೂಕಿನ ವೇಣೂರು ಸಮೀಪದ ಕುಕ್ಕೇಡಿ ಗ್ರಾಮದಲ್ಲಿ ಸುಡುಮದ್ದು ತಯಾರಿಸುವ ಶೆಡ್ ಸಿಡಿದು ಮೂವರು ಕಾರ್ಮಿಕರು ಸತ್ತರು. ಅದೇ ವರ್ಷದ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಸೇರಿದ್ದವರ ಪಕ್ಕದಲ್ಲೇ ಸುಡುಮದ್ದಿನ ದಾಸ್ತಾನಿಗೆ ಕಿಡಿ ಬಿತ್ತು; ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಆಸ್ಪತ್ರೆಯಲ್ಲಿ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ನಮ್ಮ ಜಾತ್ರೆಗಳ ಗರ್ನಾಲು, ಬಾಣಗಳಿಗೆ ಮದ್ದು ತುಂಬುವುದು ಬಹುಪಾಲು ಇಂದಿಗೂ ಕೈಯಿಂದಲೇ. ಆಕಾಶದಲ್ಲಿ ಅರಳುವ ಬಣ್ಣಕ್ಕೆ ತಲೆಯೆತ್ತಿ ಚಪ್ಪಾಳೆ ತಟ್ಟುವವರಲ್ಲಿ ಆ ಕೈ ಯಾರದೆಂದು ಕೇಳುವವರು ಕಡಿಮೆ. ಬಾಣ ಮಾಡಿದ ಕಮ್ಮಾರನ ಹೆಸರು ಉಳಿಯದ ನಾಡಿನಲ್ಲಿ ಇದು ಆಶ್ಚರ್ಯವೂ ಅಲ್ಲ.

ಹವ್ಯಾಸ ಇಲ್ಲಿ ಬೇರೂರದಿರಲು ಕಾರಣವೂ ಇದೇ ಮದ್ದು. 1884ರ ಸ್ಫೋಟಕ ಕಾಯ್ದೆ ಮತ್ತು ಅದರಡಿಯ 2008ರ ನಿಯಮಗಳ ಪ್ರಕಾರ ಮದ್ದು ತಯಾರಿಸಲು ಪರವಾನಗಿ ಬೇಕು. ಮನೆಯಲ್ಲಿ ಕಲಸುವುದು ಅಪರಾಧ, ಹಾಗಿರುವುದೂ ಸರಿಯೇ. ಆದರೆ ‘ಮುಟ್ಟಬೇಡ’ ಎಂದ ಮೇಲೆ ‘ಇದನ್ನು ತೆಗೆದುಕೋ’ ಎಂದು ಕೊಡುವ ಮೇಬಲ್ ನಮ್ಮಲ್ಲಿ ಹುಟ್ಟಲಿಲ್ಲ. ಪಕ್ಕದ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು 1975ರಲ್ಲಿ ಕಕ್ಷೆಗೆ ಕಳುಹಿಸಿದ ತಂಡದ ಮುಂದಾಳು. ಅದೇ ಕರಾವಳಿಯ ಶಾಲಾಬಾಲಕನಿಗೆ ಮೋಟಾರು ಬೇಕೆಂದರೆ ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ.

ಮದ್ದಿಲ್ಲದ ದಾರಿ ಒಂದಿದೆ, ನೀರಿನ ರಾಕೆಟ್. ಸೋಡಾ ಪಾನೀಯ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಕುಡಿಯುವ ನೀರಿನ ಬಾಟಲಿ ಒತ್ತಡ ತಾಳುವುದಿಲ್ಲ. ಮೂರರಲ್ಲಿ ಒಂದು ಪಾಲು ನೀರು ಹಾಕಿ, ಬಿರಡೆ ಬಿಗಿದು, ಬಾಯಿ ಕೆಳಗಾಗಿ ನಿಲ್ಲಿಸಿ, ಉದ್ದ ಕೊಳವೆಯ ಮೂಲಕ ದೂರದಿಂದ ಸೈಕಲ್ ಪಂಪಿನಲ್ಲಿ ಗಾಳಿ ಒತ್ತಬೇಕು. ಮದ್ದಿನ ಅನಿಲ ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ. ರೆಕ್ಕೆಗೆ ಬಾಲ್ಸಾ ಹುಡುಕಬೇಕಾಗಿಲ್ಲ. ಒತ್ತಿ ಒಣಗಿಸಿದ ಅಡಿಕೆ ಹಾಳೆ ಸಾಕಷ್ಟು ಗಟ್ಟಿ, ಸಾಕಷ್ಟು ಹಗುರ. ದಾರ ಕಟ್ಟಿ ಬೀಸುವ ಪರೀಕ್ಷೆ ಇದಕ್ಕೂ ಅನ್ವಯಿಸುತ್ತದೆ; ಅದನ್ನು ಮಾತ್ರ ಬಿಡುವಂತಿಲ್ಲ.

ಎತ್ತರ ಅಳೆಯಲು ಇನ್ನೊಬ್ಬ ಬೇಕು. ಗದ್ದೆಯಲ್ಲಿ ಸರಿಯಾಗಿ 50 ಮೀಟರ್ ದೂರ ನಿಂತು, ಕಂಪಾಸು ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ತೂಗಿಬಿಟ್ಟು, ರಾಕೆಟ್ ತುತ್ತತುದಿಗೆ ಹೋದಾಗ ಅದಕ್ಕೆ ಗುರಿ ಹಿಡಿಯಬೇಕು. ಕೋನ 45 ಡಿಗ್ರಿ ಬಂದರೆ ಎತ್ತರ 50 ಮೀಟರ್, 60 ಡಿಗ್ರಿ ಬಂದರೆ 86 ಮೀಟರಿಗೂ ಮೇಲೆ. ನೀರೆಷ್ಟು, ಪಂಪು ಎಷ್ಟು ಸಲ ಒತ್ತಿದ್ದು, ಕೋನ ಎಷ್ಟು ಎಂದು ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡು, ಮುಂದಿನ ಸಲ ನೀರನ್ನು ಸ್ವಲ್ಪ ಕಡಿಮೆ ಮಾಡಿ ನೋಡಬಹುದು.